ಬೋಕಾ ಚಿಕಾಗೆ ಹೋಗ್ತೀರಾ? ಮೀನು ಮುಟ್ಟುವ ಮುಂಚೆ ರೇಟ್ ಕೇಳಿ

ಇದನ್ನು ಬರೆಯೋದೇ ಬೇಡ ಅಂದುಕೊಂಡಿದ್ದೆ. ಮರ್ಯಾದೆ ಪ್ರಶ್ನೆ. ಆದರೆ ಮುಂದಿನ ತಿಂಗಳು ನಮ್ಮ ಆಫೀಸಿನಿಂದ ಇನ್ನಿಬ್ಬರು ಹುಡುಗರು ಡೊಮಿನಿಕನ್ ರಿಪಬ್ಲಿಕ್‌ಗೆ ಬರ್ತಾ ಇದ್ದಾರೆ. ಅವರಾದರೂ ಬಚಾವಾಗಲಿ. 10,500 ಪೆಸೊ ಕೊಟ್ಟು ಬಂದಿದ್ದೇನೆ. ನಮ್ಮ ಲೆಕ್ಕದಲ್ಲಿ ಸುಮಾರು 14,700 ರೂಪಾಯಿ. ಎರಡು ಮೀನಿನ ಊಟಕ್ಕೆ!

ನಾನು ಇಲ್ಲಿನ ರಾಜಧಾನಿ ಸಾಂತೊ ದೊಮಿಂಗೊದಲ್ಲಿ ಎಂಟು ತಿಂಗಳಿಂದ ಇದ್ದೇನೆ. ಹೊಸಬನೇನಲ್ಲ. ಆಫೀಸಿನ ಹಿಂದಿನ ಕೊಮೆದೋರ್‌ನಲ್ಲಿ, ಅಂದರೆ ನಮ್ಮ ಕಡೆಯ ಮೆಸ್ ಥರದ ಜಾಗದಲ್ಲಿ, ದಿನಾ ಮಧ್ಯಾಹ್ನ ಅನ್ನ, ಬೀನ್ಸ್ ಸಾರು, ಕೋಳಿ ತಿಂತೇನೆ. ಅಲ್ಲೂ ರೇಟ್ ಒಂದೇ ಸಮ ಇರಲ್ಲ. ಒಂದು ವಾರ 275, ಇನ್ನೊಂದು ವಾರ 300. ಕೋಳಿ ರೇಟ್ ಏರಿದರೆ, ಬಾಳೆಕಾಯಿ ದುಬಾರಿಯಾದರೆ ಅಲ್ಲಿನ ಅಮ್ಮ ಬೋರ್ಡ್ ಒರೆಸಿ ಹೊಸ ರೇಟ್ ಬರೀತಾರೆ. ನನಗೂ ಅದೇ, ಪಕ್ಕದಲ್ಲಿ ಕೂತ ಟ್ಯಾಕ್ಸಿಯವನಿಗೂ ಅದೇ. ಅದಕ್ಕೆ ಯಾರಿಗೂ ಬೇಜಾರಿಲ್ಲ. ನಾನು ಹೇಳ್ತಾ ಇರೋದು ಮುಖ ನೋಡಿ ಹಾಕುವ ರೇಟಿನ ವಿಷಯ.

ನ್ಯೂ ಜೆರ್ಸಿಯಿಂದ ಅಕ್ಕ, ಭಾವ, ಮಕ್ಕಳು ಬಂದಿದ್ದರು. ಭಾನುವಾರ ಬೋಕಾ ಚಿಕಾ ಬೀಚಿಗೆ ಕರೆದುಕೊಂಡು ಹೋದೆ. ಊರಿಂದ ಪೂರ್ವಕ್ಕೆ ಮೂವತ್ತು ಕಿಲೋಮೀಟರ್, ಮಕ್ಕಳು ಇಳಿದರೂ ಭಯವಿಲ್ಲದ ತಿಳಿನೀರು, ಕರಿದ ಮೀನಿಗೆ ಹೆಸರಾದ ಜಾಗ. ಕಾರಿನಲ್ಲಿ ಭಾವ, "ಇಲ್ಲಿ ಟೂರಿಸ್ಟ್‌ಗಳಿಗೆ ಟೋಪಿ ಹಾಕ್ತಾರಂತಲ್ಲ ಮಾರಾಯ" ಅಂದರು. ನಾನು, "ನೀವು ಸುಮ್ನೆ ಕೂತ್ಕೊಳ್ಳಿ ಭಾವ, ಮಾತಾಡೋದೆಲ್ಲ ನನಗೆ ಬಿಡಿ" ಅಂದೆ. ಈ ಮಾತು ನೆನಪಾದಾಗಲೆಲ್ಲ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ಕಾರು ನಿಲ್ಲಿಸುವ ಮುಂಚೆಯೇ ಒಬ್ಬ ಓಡಿ ಬಂದ. "ಹೆಫೆ! ಹೆಫೆ!" ಅಂದರೆ ಬಾಸ್. ಇಂಡಿಯಾದವನು ಅಂದಿದ್ದೇ ತಡ, "ಆ, ಹಿಂದೂ! ಶಾರುಖ್ ಖಾನ್!" ಅಂತ ಹೆಗಲ ಮೇಲೆ ಕೈ ಹಾಕಿದ. ಕುರ್ಚಿ, ಛತ್ರಿ ಎಲ್ಲ ಕೊಟ್ಟ. ಎಷ್ಟು ಅಂದೆ. "ಊಟ ಇಲ್ಲೇ ಮಾಡಿದ್ರೆ ನೋ ಪ್ರಾಬ್ಲೆಮಾ." ಫ್ರೀ ಅಂತ ಅವನು ಹೇಳಲಿಲ್ಲ, ನೋಡಿ. ನೋ ಪ್ರಾಬ್ಲೆಮಾ ಅಂದ. ಫ್ರೀ ಅಂತ ನಾನೇ ಅಂದುಕೊಂಡೆ.

ಆಮೇಲೆ ಐಸಿನ ಡಬ್ಬ ತಂದು ಮೀನು ತೋರಿಸಿದ. ಚಿಯೊ ಅಂತಾರೆ, ಕೆಂಪು ಮೀನು. ನಾನು ಕುಂದಾಪುರದ ಕಡೆಯವನು. ಕಿವಿರು ಎತ್ತಿ ನೋಡಿದೆ, ಕೆಂಪಗಿತ್ತು. ಕಣ್ಣು ಹೊಳೀತಾ ಇತ್ತು. ಬೆರಳಲ್ಲಿ ಒತ್ತಿ ನೋಡಿದೆ, ಗಟ್ಟಿ ಇತ್ತು. ಭಾವನ ಮುಂದೆ ದೊಡ್ಡ ಪಂಡಿತನ ಥರ ಇದನ್ನೆಲ್ಲ ಮಾಡಿದೆ. ಎಷ್ಟು ಅಂದೆ. "ಸೆಯ್ಸ್ಯೆಂತೋಸ್." ಆರು ನೂರು. ಒಂದಕ್ಕೆ ಆರು ನೂರು, ಎರಡಕ್ಕೆ ಸಾವಿರದ ಇನ್ನೂರು. ಪರವಾಗಿಲ್ಲ, ಮಾಡು ಅಂದೆ.

ಒಂದಕ್ಕೆ ಅಂತ ಯಾರು ಹೇಳಿದರು? ಯಾರೂ ಹೇಳಲಿಲ್ಲ. ಮೆನುವಿನಲ್ಲಿ ಮೀನಿನ ಮುಂದೆ ರೇಟೇ ಇರಲಿಲ್ಲ, 'ಗಾತ್ರದ ಪ್ರಕಾರ' ಅಂತ ಮಾತ್ರ ಇತ್ತು.

ಊಟ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಗರಿಗರಿ ಮೀನು, ನಿಂಬೆಹಣ್ಣು, ಎರಡು ಸಲ ಕರಿದ ಬಾಳೆಕಾಯಿ ತೊಸ್ತೋನೆಸ್, ಬೀನ್ಸ್ ಹಾಕಿದ ಮೊರೊ ಅನ್ನ. ಭಾವನಿಗೆ ಪ್ರೆಸಿದೆಂತೆ ಬಿಯರ್, ಮಕ್ಕಳಿಗೆ ಚಿನೋಲಾ, ಅಂದರೆ ಪ್ಯಾಶನ್ ಫ್ರೂಟ್ ಜ್ಯೂಸ್. ಅಕ್ಕ, "ನಮ್ಮ ಕಡೆ ಥರಾನೇ ಇದೆ ಅಲ್ವಾ" ಅಂದಳು.

ಬಿಲ್ ಬಂತು. ನೋಟ್‌ಬುಕ್ಕಿನಿಂದ ಹರಿದ ಹಾಳೆ, ನೀಲಿ ಪೆನ್ನು. ಮೀನು 4,200. ಅಲ್ಲೇ ನಿಂತುಹೋದೆ. ಸೊನ್ನೆ ಜಾಸ್ತಿ ಬಿದ್ದಿರಬೇಕು ಅಂತ ಮತ್ತೆ ಓದಿದೆ. 4,200. ತೊಸ್ತೋನೆಸ್ 800. ಮೊರೊ 750. ಬಿಯರ್ ಎರಡಕ್ಕೆ 700, ಬೀದಿ ಬದಿಯ ಕೊಲ್ಮಾದೊ ಅಂಗಡಿಯಲ್ಲಿ ಎಷ್ಟೋ ಕಮ್ಮಿಗೆ ಸಿಗುತ್ತದೆ. ಜ್ಯೂಸ್ 750. ನೋ ಪ್ರಾಬ್ಲೆಮಾ ಕುರ್ಚಿಗೆ 1,000! ಒಟ್ಟು 8,200. ಅದರ ಮೇಲೆ 18% ತೆರಿಗೆ 1,476, ಸರ್ವಿಸ್‌ಗೆ 10% ಅಂದರೆ 820. 10,496. ಅದನ್ನೂ ಅಡ್ಡಗೆರೆ ಎಳೆದು 10,500 ಮಾಡಿದ್ದ.

"ಆರು ನೂರು ಅಂದೆಯಲ್ಲಪ್ಪಾ?"

"ಹೌದು ಹೆಫೆ. ಪೌಂಡಿಗೆ. ಏಳು ಪೌಂಡು."

ಏಳು ಪೌಂಡು ಅಂದರೆ ಮೂರು ಕಿಲೋ ಮೇಲೆ. ನನ್ನ ಕಣ್ಣಿಗೆ ಎರಡೂ ಸೇರಿ ಎರಡು ಕಿಲೋ ದಾಟೋ ಮೀನಲ್ಲ. ತೂಕ ಎಲ್ಲಿ ಮಾಡಿದೆ ಅಂದೆ. "ಅಡುಗೆಮನೆಯಲ್ಲಿ." ಈಗ ತೋರಿಸು ಅಂದೆ. "ನೀವು ತಿಂದಾಯ್ತಲ್ಲ ಹೆಫೆ!" ಅಂತ ನಕ್ಕ. ಸುತ್ತಲಿನವರೂ ನಕ್ಕರು. ನಿನ್ನೆ ಇಷ್ಟೇ ಇತ್ತಾ ಅಂದರೆ, "ನಿನ್ನೆ ನಿನ್ನೆ, ಇವತ್ತು ಭಾನುವಾರ. ಗಾಳಿ ಜಾಸ್ತಿ, ದೋಣಿ ಹೋಗಿಲ್ಲ." ಎದುರಿಗೆ ಸಮುದ್ರ ಕೆರೆಯ ಹಾಗೆ ಮಲಗಿತ್ತು.

ತೆರಿಗೆ ತಗೊಂಡ ಮೇಲೆ ಸರ್ಕಾರಿ ನಂಬರ್ ಇರುವ ರಸೀದಿ ಕೊಡು ಅಂದೆ. ಅದಿಲ್ಲದೆ ಆ 18% ಯಾರ ಜೇಬಿಗೆ? ಅದಕ್ಕೆ ಕ್ಯಾಷ್ ಹತ್ತಿರ ಇದ್ದ ಹೆಂಗಸು, "ಮೆಷಿನ್ ಕೆಟ್ಟಿದೆ ಮಿ ಅಮೋರ್" ಅಂದಳು. ಮಿ ಅಮೋರ್, ಅಂದರೆ ನನ್ನ ಪ್ರೀತಿಯೇ ಅಂತೆ! ಅಷ್ಟರಲ್ಲಿ ಮಕ್ಕಳು ಗಾಬರಿಯಾಗಿದ್ದರು, ಅಕ್ಕ "ಕೊಟ್ಟು ಬಿಡೋ, ಹೋಗೋಣ" ಅಂತಿದ್ದಳು. ಭಾವ ಪರ್ಸ್ ತೆಗೆದು, ಡಾಲರಲ್ಲಿ ಎಷ್ಟು ಅಂದರು. "200." ಬ್ಯಾಂಕಿನಲ್ಲಿ ಡಾಲರಿಗೆ ಅರವತ್ತು ಪೆಸೊ ಸಿಗುತ್ತಿತ್ತು. ಆ ಲೆಕ್ಕದಲ್ಲಿ 175 ಆಗಬೇಕು. ಅಲ್ಲೂ 25 ಡಾಲರ್ ಹೊಡೆಯೋ ಪ್ಲಾನು. ಆ ಒಂದು ಕಡೆ ಮಾತ್ರ ನಾನು ಗೆದ್ದೆ, ಭಾವನ ಕೈ ಹಿಡಿದು ಪೆಸೊದಲ್ಲೇ ಕೊಟ್ಟೆ. ಕೊಟ್ಟ ಕೂಡಲೇ ಆ ಹಾಳೆಯನ್ನು ಅವಳು ವಾಪಸ್ ತಗೊಂಡು ಮುದುರಿ ಹಾಕಿದಳು. ಫೋಟೊನೂ ತೆಗೆದಿರಲಿಲ್ಲ. ಪ್ರೊ ಕೊನ್ಸುಮಿದೋರ್ ಅಂತ ಇಲ್ಲಿ ಗ್ರಾಹಕರ ದೂರಿಗೆ ಸರ್ಕಾರಿ ಕಚೇರಿ ಇದೆ. ಏನು ಹಿಡಿದುಕೊಂಡು ಹೋಗಲಿ?

ಇಷ್ಟಾದ ಮೇಲೂ ಹೆಫೆ ಅಂದವನು ಬಂದು ಕೈ ಚಾಚಿದ. 10% ಹಾಕಿದ್ದೀರಲ್ಲ ಅಂದೆ. "ಅದು ಕಾನೂನಿನದು. ನನ್ನದು?"

ಪಕ್ಕದ ಟೇಬಲ್ಲಿನಲ್ಲಿ ಒಂದು ಡೊಮಿನಿಕನ್ ಕುಟುಂಬ ಇತ್ತು. ಅಜ್ಜಿ ನನ್ನನ್ನು ಕರೆದು, ನಾವು ಪೌಂಡಿಗೆ 350 ಕೊಟ್ವಿ, ನಮ್ಮ ಕಣ್ಣೆದುರೇ ತಕ್ಕಡಿ ಇಡಿಸಿದ್ವಿ, ನೀನು ಕೇಳಬೇಕಿತ್ತು ಮಗನೇ ಅಂದರು. ಪಾಪ, ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ಹೊಟ್ಟೆ ಉರಿದದ್ದು ಆಗಲೇ. ಡೊಮಿನಿಕನ್ನರೆಲ್ಲ ಹೀಗೆ ಅಂತ ನಾನು ಹೇಳ್ತಾ ಇಲ್ಲ. ಕೊಮೆದೋರ್ ಅಮ್ಮ ಚಿಲ್ಲರೆ ಇಲ್ಲದಿದ್ದರೆ ನಾಳೆ ಕೊಡು ಅಂತಾರೆ. ಈ ಕಥೆ ಕೇಳಿ ಅವರು ಹೊಟ್ಟೆ ಹಿಡಿದು ನಕ್ಕರು, ಅದು ಬೇರೆ.

ಹಾಗಾಗಿ ಬರುವವರು ಕೇಳಿ. "ಆ ಕೋಮೊ ಲಾ ಲಿಬ್ರಾ?" ಪೌಂಡಿಗೆ ಎಷ್ಟು ಅಂತ. ಇದೊಂದು ಬಾಯಿಪಾಠ ಮಾಡಿ. ಮೀನು ಎಣ್ಣೆಗೆ ಬೀಳುವ ಮುಂಚೆ ತೂಕ ನೋಡಿ, ಒಟ್ಟು ಎಷ್ಟು ಅಂತ ಬರೆಸಿ, ಫೋಟೊ ತೆಗೆಯಿರಿ. ಕುರ್ಚಿಗೆ ಎಷ್ಟು ಕೇಳಿ. ತೆರಿಗೆ, ಸರ್ವಿಸ್ ಸೇರಿದೆಯಾ ಕೇಳಿ, ಒಳ್ಳೆ ರೆಸ್ಟೋರೆಂಟಲ್ಲೂ ಎಷ್ಟೋ ಸಲ ಮೆನು ರೇಟಿನ ಮೇಲೆ 28% ಏರುತ್ತದೆ. ಹೆಗಲ ಮೇಲೆ ಕೈ ಹಾಕುವವನ ಜೊತೆ ಹೋಗಲೇಬೇಡಿ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದರೆ ಅಕ್ಕ ಆಗಲೇ ಎಲ್ಲ ಹೇಳಿಬಿಟ್ಟಿದ್ದಳು. ಅಮ್ಮ ಕೇಳಿದ್ದು ಒಂದೇ, "ಕ್ರಯ ಕೇಂಡ್ಯಾ?" ಭಾವ ಈಗ ನನ್ನ ಹೆಸರು ಕರೆಯೋದನ್ನೇ ಬಿಟ್ಟಿದ್ದಾರೆ. ಫೋನ್ ಎತ್ತಿದ ಕೂಡಲೇ, "ಏನ್ ಹೆಫೆ, ಇವತ್ತು ಗಾಳಿ ಹೇಗಿದೆ?"