ಕ್ರೀಮ್ ಹಾಕ್ದೆ ಕಾರ್ಬೊನಾರಾ ಮಾಡೋರು ಮನೆ ಹತ್ರಾನೇ ಸಿಕ್ರು

ಮನೆಯಿಂದ ನಡ್ಕೊಂಡೇ ಹೋಗ್ಬೋದಾದಷ್ಟು ಹತ್ರ ಇರೋ ಒಂದು ಚಿಕ್ಕ ಇಟಾಲಿಯನ್ ರೆಸ್ಟೋರೆಂಟ್ ಬಗ್ಗೆ ಬರೀತಿದೀನಿ. ಒಂದೇ ಸಲ ಊಟ ಮಾಡಿ ಅಭಿಪ್ರಾಯ ಹೇಳೋದು ನಂಗೆ ಸರಿ ಅನ್ಸಲ್ಲ, ಅದ್ಕೆ ಮೂರು ಸಲ ಹೋಗಿ ಬಂದ್ಮೇಲೆ ಕೂತಿದೀನಿ. ಹತ್ತು ಟೇಬಲ್ ಇರಬೋದು ಅಷ್ಟೆ, ಮೆನು ಒಂದೇ ಹಾಳೆ, ಅದೇ ನಂಗೆ ಮೊದ್ಲು ಇಷ್ಟ ಆಗಿದ್ದು.

ಮೊದಲ್ನೇ ಸಲ ಕಾರ್ಬೊನಾರಾ ಅನ್ನೋ ಪಾಸ್ತಾ ತಗೊಂಡೆ. ನಾನು ಎಲ್ಲೇ ಹೋದ್ರೂ ಮೊದ್ಲು ಇದನ್ನೇ ಕೇಳೋದು, ಯಾಕಂದ್ರೆ ಇದ್ರಲ್ಲಿ ಮುಚ್ಚಿಡೋಕೆ ಏನೂ ಇಲ್ಲ, ಮೊಟ್ಟೆ, ಪೆಕೊರಿನೊ ಚೀಸ್, ಕರಿಮೆಣಸು, ಗ್ವಾಂಚಾಲೆ ಅಂತಾರಲ್ಲ ಹಂದಿ ಕೆನ್ನೆಯ ಮಾಂಸ ಉಪ್ಪು ಹಚ್ಚಿ ಒಣಗಿಸಿದ್ದು, ಅದು, ಆಮೇಲೆ ಪಾಸ್ತಾ ಬೆಂದ ನೀರು. ಮುಗೀತು. ಎಷ್ಟೋ ಕಡೆ ಇದಕ್ಕೆ ಕ್ರೀಮ್ ಸುರೀತಾರೆ, ಕ್ರೀಮ್ ಇದ್ರೆ ಯಾರು ಮಾಡಿದ್ರೂ ಸಾಸ್ ದಪ್ಪಗಾಗುತ್ತೆ, ಕೈಚಳಕ ಬೇಕಾಗಲ್ಲ. ಇಲ್ಲಿ ಕೇಳ್ದೆ, ಕ್ರೀಮ್ ಹಾಕ್ತೀರಾ ಅಂತ. ವೇಟರ್ "ಇಲ್ಲ, ಪ್ಯಾನ್ ಒಲೆಯಿಂದ ಕೆಳಗಿಳಿಸಿ ಮೊಟ್ಟೆ ಹಾಕ್ತೀವಿ" ಅಂದ್ರು. ಅಷ್ಟೇ ಸಾಕಾಯ್ತು ನಂಗೆ. ಒಲೆ ಮೇಲೇ ಹಾಕಿದ್ರೆ ಮೊಟ್ಟೆ ಗಂಟುಗಂಟಾಗಿ ಬುರ್ಜಿ ತರ ಆಗುತ್ತೆ, ಪ್ಯಾನ್ ತೀರಾ ಆರಿದ್ರೆ ಹಸಿಹಸಿಯಾಗಿ ನೀರಾಗಿ ಉಳಿಯುತ್ತೆ. ಪಾಸ್ತಾ ನೀರಲ್ಲಿರೋ ಗಂಜಿ ಅಂಶಾನೇ ಚೀಸು ಮೊಟ್ಟೆ ಎರಡನ್ನೂ ಹಿಡಿದು ಸಾಸ್ ಮಾಡೋದು.

ತಟ್ಟೆ ಬಂದಾಗ ಫೋರ್ಕಲ್ಲಿ ಸುತ್ತಿ ಮೇಲೆತ್ತಿ ನೋಡ್ದೆ. ಒಂದೊಂದು ಎಳೆಗೂ ತಿಳಿ ಹಳದಿ ಸಾಸ್ ಅಂಟ್ಕೊಂಡಿತ್ತು, ಒಳ್ಳೆ ಹೊಳಪು, ತಟ್ಟೆ ತಳದಲ್ಲಿ ಒಂದು ಹನಿ ನೀರಿಲ್ಲ. ಮೆಣಸು ಆಗಷ್ಟೇ ಕುಟ್ಟಿದ್ದು, ಹಲ್ಲಿಗೆ ಸಿಗ್ತಿತ್ತು. ಪಾಸ್ತಾ ಅಲ್ ಡೆಂಟೆ, ಅಂದ್ರೆ ಕಚ್ಚಿದಾಗ ನಡುವೆ ಸ್ವಲ್ಪ ಗಟ್ಟಿ. ತುಂಬಾ ದಿನ ಆದ್ಮೇಲೆ ಇಂಥ ಕಾರ್ಬೊನಾರಾ ತಿಂದೆ, ಸಂತೋಷ ಆಯ್ತು.

ಎರಡ್ನೇ ಸಲ ಮಾಂಸ ತಿನ್ನದ ಗೆಳತಿನ ಕರ್ಕೊಂಡು ಹೋಗಿದ್ದೆ. ಅವಳು ವೆಜ್ ಅಂತ ಹೇಳಿದ ತಕ್ಷಣ ವೇಟರ್ ತಾವಾಗೇ ಒಂದು ವಿಷ್ಯ ಹೇಳಿದ್ರು, ಅಸಲಿ ಪಾರ್ಮಿಜಾನೊ ರೆಜ್ಜಾನೊ, ಪೆಕೊರಿನೊ ರೊಮಾನೊ ಚೀಸ್ ಎರಡಕ್ಕೂ ಹಾಲು ಒಡೆಸೋಕೆ ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕ್ತಾರೆ, ನಿಮಗೆ ಅಡ್ಡಿ ಇಲ್ವಾ ಅಂತ. ನಿಜ ಇದು, ಆದ್ರೆ ವೆಜ್ ಪಾಸ್ತಾ ಮೇಲೆ ಆ ಚೀಸ್ ತುರಿದು ಕೊಡೋ ಎಷ್ಟೋ ಜಾಗಗಳಲ್ಲಿ ಇದನ್ನ ಹೇಳೋದೇ ಇಲ್ಲ. ಅವಳಿಗೂ ಗೊತ್ತಿರ್ಲಿಲ್ಲ. ಅವಳು ಬೇಡ ಅಂದಿದ್ದಕ್ಕೆ ಆಲಿಯೊ ಎ ಓಲಿಯೊ ಅನ್ನೋ ಪಾಸ್ತಾ ಮಾಡ್ಕೊಟ್ರು, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸು, ಚೀಸ್ ಇಲ್ಲ. ಬೆಳ್ಳುಳ್ಳಿ ಸೀದಿರ್ಲಿಲ್ಲ, ಹೊಂಬಣ್ಣಕ್ಕೆ ಬಂದಾಗ್ಲೇ ನಿಲ್ಲಿಸಿದ್ರು. ಊಟಕ್ಕಿಂತ ಆ ಪ್ರಾಮಾಣಿಕತೆ ದೊಡ್ಡದು ಅನ್ನಿಸ್ತು ನಂಗೆ, ನಂಬಿ ಕರ್ಕೊಂಡು ಹೋಗ್ಬೋದು.

ಪಿಜ್ಜಾ ಕಟ್ಟಿಗೆ ಒಲೆಯದ್ದು, ನೇಪಲ್ಸ್ ಶೈಲಿ. 485 ಡಿಗ್ರಿ ಹತ್ರದ ಬಿಸೀಲಿ 60ರಿಂದ 90 ಸೆಕೆಂಡ್ ಅಷ್ಟೇ ಬೇಯ್ಸೋದು ಅಲ್ಲಿನ ಪದ್ಧತಿ, ಅದ್ಕೆ ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ ಬರುತ್ತೆ, ನಡುಭಾಗ ಮೆತ್ತಗೇ ಇರುತ್ತೆ. ಪಕ್ಕದ ಟೇಬಲ್‌ನವ್ರು ಸುಟ್ಟೋಗಿದೆ ಅಂತ ವಾಪಸ್ ಕಳ್ಸಿದ್ರು, ಪಾಪ, ಅದು ಸುಟ್ಟಿದ್ದಲ್ಲ, ಅದೇ ಅದರ ಗುರುತು. ಈ ಪಿಜ್ಜಾ ಮಾಡೋ ಕಲೆನ ಯುನೆಸ್ಕೊ 2017ರಲ್ಲಿ ತನ್ನ ಪರಂಪರೆ ಪಟ್ಟಿಗೆ ಸೇರ್ಸಿದೆ. ಒಂದು ಮಾತು, ಪಾರ್ಸೆಲ್ ಮಾತ್ರ ತಗೋಬೇಡಿ. ಡಬ್ಬಿ ಒಳಗೆ ಹಬೆ ಕಟ್ಟಿ ಹತ್ತೇ ನಿಮಿಷಕ್ಕೆ ಒದ್ದೆ ಆಗುತ್ತೆ, ಅಲ್ಲೇ ಕೂತು ತಿನ್ನಿ.

ಬೇಜಾರಾಗಿದ್ದು ರಿಸೊಟ್ಟೊ, ಅಂದ್ರೆ ಇಟಲಿಯವ್ರ ಅನ್ನದ ಅಡುಗೆ. ಆರ್ಡರ್ ಕೊಟ್ಟು ಏಳು ನಿಮಿಷಕ್ಕೆ ಟೇಬಲ್ ಮೇಲಿತ್ತು. ಹಸಿ ಅಕ್ಕಿಯಿಂದ ಶುರು ಮಾಡಿದ್ರೆ ಸ್ವಲ್ಪ ಸ್ವಲ್ಪ ಸಾರು ಹಾಕ್ತಾ ತಿರುಗ್ಸಿ ಆಗೋಕೆ ಏನಿಲ್ಲ ಅಂದ್ರೂ 16-18 ನಿಮಿಷ ಬೇಕು, ಹಾಗಾಗಿ ಮೊದ್ಲೇ ಅರ್ಧ ಬೇಯ್ಸಿ ಇಟ್ಟಿದ್ರು ಅನ್ನೋದು ಸ್ಪಷ್ಟ. ತಟ್ಟೆ ಓರೆ ಮಾಡಿದ್ರೆ ಅದು ಅಲೆ ತರ ಹರೀಬೇಕು, ಇದು ಮುದ್ದೆ ಕಟ್ಟಿ ನಿಂತ ಕಡೆನೇ ನಿಂತಿತ್ತು. ಮೂರ್ನೇ ಸಲ ಹೋದಾಗ್ಲೂ ಅದೇ ಕತೆ. ಇಪ್ಪತ್ತು ನಿಮಿಷ ಆಗುತ್ತೆ ಅಂತ ಮೆನುನಲ್ಲೇ ಬರೆದುಬಿಡಿ, ಕಾಯೋರು ಕಾಯ್ತಾರೆ ಅಂತ ಅವ್ರಿಗೆ ನೇರವಾಗೇ ಹೇಳ್ದೆ, ಬೇಸರ ಮಾಡ್ಕೊಳ್ದೆ ಕೇಳಿಸ್ಕೊಂಡ್ರು. ಬದಲಾಯಿಸ್ತಾರೆ ಅಂತ ಆಸೆ ಇಟ್ಕೊಂಡಿದೀನಿ.

ತಿರಮಿಸು ಅನ್ನೋ ಸಿಹಿ ಪರ್ವಾಗಿಲ್ಲ, ಅದ್ರಲ್ಲಿರೋ ಕಾಫಿ ಇನ್ನೂ ಸ್ವಲ್ಪ ಕಡಕ್ ಆಗಿರ್ಬೇಕಿತ್ತು.

ವೀಕೆಂಡಲ್ಲಿ ಗದ್ದಲ ಜಾಸ್ತಿ, ಸ್ಟಾರ್ಟರ್ರು ಮೇನ್ ಕೋರ್ಸು ಎಲ್ಲಾ ಒಟ್ಟಿಗೇ ತಂದಿಡ್ತಾರೆ, ವಾರದ ಮಧ್ಯೆ ಹೋಗಿ, ಒಲೆ ಕಾಣೋ ಕಡೆ ಟೇಬಲ್ ಕೇಳಿ. ಊಟ ಆದ್ಮೇಲೆ ತಟ್ಟೇಲಿ ಸಾಸ್ ಉಳಿದಿದ್ರೆ ಬ್ರೆಡ್ ಕೇಳೋಕೆ ಹಿಂಜರೀಬೇಡಿ, ಬ್ರೆಡ್ಡಲ್ಲಿ ಸಾಸ್ ಒರೆಸಿ ತಿನ್ನೋದಕ್ಕೆ ಇಟಲಿಯವ್ರು ಸ್ಕಾರ್ಪೆಟ್ಟಾ ಅಂತ ಹೆಸರೇ ಇಟ್ಟಿದಾರೆ. ನಾನು ಕೇಳೋಕೂ ಮುಂಚೆ ಎರಡು ತುಂಡು ತಂದಿಟ್ಟು ಹೋಗಿದ್ರು.