ಟ್ರಾಂಜಿಯಾ ಸ್ಪಿರಿಟ್ ಒಲೆ: ಸೈಕಲ್ ಕ್ಯಾಂಪಿಂಗಿಗೆ ಎಷ್ಟರಮಟ್ಟಿಗೆ ಒದಗುತ್ತದೆ?

ಅಂಗೈಯಲ್ಲಿ ಹಿಡಿಯುವ ಹಿತ್ತಾಳೆಯ ಬಟ್ಟಲು, ಅದರ ಮೇಲೆ ಕೂರುವ ಒಂದು ಬಳೆ, ತಿರುಗಿಸಿ ಬಿಗಿಮಾಡುವ ಒಂದು ಮುಚ್ಚಳ. ಟ್ರಾಂಜಿಯಾ ಬರ್ನರ್ ಅಂದರೆ ಇಷ್ಟೇ. ತೂಕ ಸುಮಾರು 110 ಗ್ರಾಂ. ಸ್ವೀಡನ್ನಿನ ಈ ಕಂಪನಿ ಹುಟ್ಟಿದ್ದು 1925ರಲ್ಲಿ. ಬರ್ನರನ್ನು ಗಾಳಿಮರೆಯೊಳಗೆ ಕೂರಿಸಿದ ಒಲೆ ಸೆಟ್ಟನ್ನು ಅದು 1951ರಲ್ಲಿ ಹೊರತಂದಿತು. ಆ ವಿನ್ಯಾಸ ಇವತ್ತಿಗೂ ಹೆಚ್ಚುಕಡಿಮೆ ಹಾಗೆಯೇ ಇದೆ.

ಕೆಲಸ ಮಾಡುವ ಬಗೆಯೂ ಅಷ್ಟೇ ಸರಳ. ಬಟ್ಟಲಿಗೆ ಎರಡು ಗೋಡೆಗಳಿವೆ. ನಡುವಿನ ಸ್ಪಿರಿಟ್‌ಗೆ (ಉರುವಲಾಗಿ ಬಳಸುವ ಆಲ್ಕೋಹಾಲ್) ಬೆಂಕಿ ತಾಗಿಸಿದಾಗ ಮೊದಲು ಮೇಲ್ಮೈ ಮಾತ್ರ ಸೋಮಾರಿಯಾಗಿ ಉರಿಯುತ್ತದೆ. ಸುಮಾರು ಒಂದು ನಿಮಿಷದಲ್ಲಿ ಹಿತ್ತಾಳೆ ಕಾಯುತ್ತದೆ, ಗೋಡೆಗಳ ಸಂದಿಯಲ್ಲಿರುವ ಸ್ಪಿರಿಟ್ ಆವಿಯಾಗಿ ಅಂಚಿನ ಸಣ್ಣ ತೂತುಗಳಿಂದ ಹೊರನುಗ್ಗುತ್ತದೆ. ಆಗ ಸುತ್ತಲೂ ಹೂವಿನ ದಳಗಳಂತೆ ಜ್ವಾಲೆ ಏಳುತ್ತದೆ. ಪಾತ್ರೆ ಇಡಬೇಕಾದ್ದು ಆಮೇಲೆ. ಮೊದಲೇ ತಣ್ಣೀರಿನ ಪಾತ್ರೆ ಇಟ್ಟರೆ ಬರ್ನರ್ ಕಾಯಲು ಇನ್ನೂ ತಡವಾಗುತ್ತದೆ, ಅರ್ಧಂಬರ್ಧ ಉರಿದ ಸ್ಪಿರಿಟ್‌ನ ಕಣ್ಣುರಿಸುವ ವಾಸನೆಯೂ ಬರುತ್ತದೆ.

ಶಕ್ತಿ ಸುಮಾರು 1 ಕಿಲೋವಾಟ್, ಗ್ಯಾಸ್ ಒಲೆಯ ಅರ್ಧಕ್ಕಿಂತಲೂ ಕಡಿಮೆ. ಗಾಳಿ ತಾಗದ ಜಾಗದಲ್ಲಿ, ಮುಚ್ಚಿದ ಪಾತ್ರೆಯಲ್ಲಿ, ಅರ್ಧ ಲೀಟರ್ ನೀರು ಕುದಿಯಲು 5ರಿಂದ 6 ನಿಮಿಷ, ಒಂದು ಲೀಟರಿಗೆ 9ರಿಂದ 10 ನಿಮಿಷ ಬೇಕು. ಮೂರನೇ ಎರಡು ಭಾಗ ತುಂಬಿದರೆ ಪೂರ್ತಿ ಉರಿಯಲ್ಲಿ ಸುಮಾರು 25 ನಿಮಿಷ ನಡೆಯುತ್ತದೆ. ಅದಕ್ಕಿಂತ ಹೆಚ್ಚು ತುಂಬುವುದು ತಪ್ಪು. ಕಾದ ಸ್ಪಿರಿಟ್ ಹಿಗ್ಗಿ ತೂತುಗಳಿಂದ ದ್ರವವಾಗಿಯೇ ಚಿಮ್ಮುತ್ತದೆ, ಜ್ವಾಲೆ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತದೆ.

ಈ ಒಲೆಯ ನಿಜವಾದ ಜೀವ ಇರುವುದು ಗಾಳಿಮರೆಯಲ್ಲಿ. ಬರ್ನರ್ ಮಾತ್ರ ಕೊಂಡು ಮೂರು ಕಲ್ಲಿನ ಮಧ್ಯೆ ಇಟ್ಟು 'ಇದು ನೀರನ್ನೂ ಕುದಿಸದು' ಎಂದು ಬೈಯುವವರು ಒಲೆಯ ಅರ್ಧವನ್ನಷ್ಟೇ ನೋಡಿದ್ದಾರೆ. ಗ್ಯಾಸಿನ ಜ್ವಾಲೆ ಒತ್ತಡದಿಂದ ಬರುತ್ತದೆ. ಸ್ಪಿರಿಟ್ ಜ್ವಾಲೆಗೆ ಅಂಥ ಬಲವಿಲ್ಲ, ಮೆಲುಗಾಳಿಗೂ ಪಕ್ಕಕ್ಕೆ ವಾಲುತ್ತದೆ. ಸೈಕಲ್ ಪ್ರಯಾಣಿಕರು ತಂಗುವುದು ಬಯಲಲ್ಲಿ, ಹೊಳೆಯ ದಂಡೆಯಲ್ಲಿ, ಘಟ್ಟದ ತಿರುವಿನಲ್ಲಿ. ಗಾಳಿಯಿಲ್ಲದ ಸಂಜೆ ಸಿಗುವುದೇ ಅಪರೂಪ. ಟ್ರಾಂಜಿಯಾದ ಪೂರ್ತಿ ಸೆಟ್ಟಿನಲ್ಲಿ ಪಾತ್ರೆ ಗಾಳಿಮರೆಯ ಒಳಗೇ ಇಳಿದು ಕೂರುತ್ತದೆ, ಕೆಳಗಿನ ತಟ್ಟೆಯ ತೂತುಗಳನ್ನು ಗಾಳಿ ಬರುವ ಕಡೆಗೆ ತಿರುಗಿಸಬೇಕು. ಬೇರೆ ಒಲೆಗೆ ಶತ್ರುವಾದ ಗಾಳಿ ಇಲ್ಲಿ ತಿದಿಯಂತೆ ದುಡಿಯುತ್ತದೆ. ಇದಕ್ಕೆ ಸಾಟಿಯಾದ ಗಾಳಿಮರೆ ಮತ್ತೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಬ್ಬಿಬ್ಬರಿಗೆ 27ನೇ ನಂಬರಿನ ಸೆಟ್, ಮೂರು ನಾಲ್ಕು ಜನರಿಗೆ 25ನೆಯದು. ತೂಕ ಮುಕ್ಕಾಲು ಕಿಲೋ ಮೀರಬಹುದು, ಆದರೆ ಅದರಲ್ಲಿ ಎರಡು ಪಾತ್ರೆ, ಬಾಣಲೆ, ಹಿಡಿಕೆ ಎಲ್ಲ ಸೇರಿವೆ. ಬೆನ್ನ ಮೇಲೆ ಹೊರುವವರಿಗೆ ಇದು ಭಾರ, ಸೈಕಲ್ಲಿನ ಪಕ್ಕಕ್ಕೆ ತೂಗುಹಾಕುವ ಪ್ಯಾನಿಯರ್ ಚೀಲದಲ್ಲಿ ಒಯ್ಯುವವರಿಗೆ ಲೆಕ್ಕಕ್ಕೇ ಬಾರದು.

ತೂಕ ಕಡಿಮೆ ಇರಬೇಕೆಂದರೆ ಬರ್ನರಿನ ಜೊತೆಗೆ ತೆಳು ಅಲ್ಯೂಮಿನಿಯಂ ಹಾಳೆಯ ಗಾಳಿಮರೆ ಮಾಡಿಕೊಳ್ಳಬಹುದು. ಹಾಳೆಗೂ ಪಾತ್ರೆಗೂ ನಡುವೆ 10ರಿಂದ 15 ಮಿಲಿಮೀಟರ್ ಸಂದಿ ಬಿಡಿ, ತಳದಲ್ಲಿ ಗಾಳಿಯಾಡಲು ಒಂದು ಸಾಲು ತೂತು ಕೊರೆಯಿರಿ, ಎತ್ತರ ಪಾತ್ರೆಯ ಅರ್ಧದವರೆಗೆ ಬರಲಿ. ಸಂದಿ ತೀರಾ ಕಿರಿದಾದರೆ ಜ್ವಾಲೆಗೆ ಉಸಿರು ಸಾಲದೆ ಹಳದಿಯಾಗುತ್ತದೆ. ಸುತ್ತ ಬಿಗಿಯಾಗಿ ಕಟ್ಟಿದರೆ ಬಿಸಿ ಒಳಗೇ ತುಂಬಿ ಬಟ್ಟಲಿನ ಸ್ಪಿರಿಟ್ ಕುದಿಯತೊಡಗುತ್ತದೆ (ಸ್ಪಿರಿಟ್‌ನ ಮುಖ್ಯ ಅಂಶವಾದ ಎಥನಾಲ್ 78 ಡಿಗ್ರಿಗೇ ಕುದಿಯುವ ವಸ್ತು), ಉರಿ ಕೈಮೀರುತ್ತದೆ. ಪ್ಯಾನಿಯರ್ ಚೀಲಗಳನ್ನೇ ಗೋಡೆಯಂತೆ ಜೋಡಿಸುವುದುಂಟು. ಆ ನೈಲಾನ್ ಒಲೆಯಿಂದ ಅರ್ಧ ಮೀಟರ್ ಆದರೂ ದೂರವಿರಲಿ. ಸೈಕಲ್ಲನ್ನು ಒಲೆಯ ಪಕ್ಕ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಡಿ, ಗಾಳಿಗೆ ಬಿದ್ದರೆ ಬೀಳುವುದು ಬೆಂಕಿಯ ಮೇಲೆ.

ಪಾತ್ರೆ ಅಗಲ ತಳದ್ದಾಗಿರಲಿ, 12ರಿಂದ 14 ಸೆಂಟಿಮೀಟರ್ ವ್ಯಾಸ ಸರಿಹೋಗುತ್ತದೆ. ಉದ್ದನೆಯ ಕಿರಿದಾದ ಮಗ್ಗಿನಲ್ಲಿ ಜ್ವಾಲೆ ತಳ ಮುಟ್ಟಿ ಪಕ್ಕದಿಂದ ಹಾರಿಹೋಗುತ್ತದೆ, ಹಿಡಿಕೆ ಸುಡುತ್ತದೆ, ಸ್ಪಿರಿಟ್ ವ್ಯರ್ಥ. ಬರ್ನರ್ ಅಂಚಿನಿಂದ ಪಾತ್ರೆಯ ತಳಕ್ಕೆ 2.5ರಿಂದ 3 ಸೆಂಟಿಮೀಟರ್ ಇದ್ದರೆ ಉರಿ ಚೆನ್ನಾಗಿ ಅರಳುತ್ತದೆ.

ಇನ್ನು ಸ್ಪಿರಿಟ್‌ನ ಲೆಕ್ಕ. ಅರ್ಧ ಲೀಟರ್ ನೀರಿಗೆ 15ರಿಂದ 20 ಮಿಲಿಲೀಟರ್ ಸಾಕು, ಗಾಳಿಯಿದ್ದರೆ 25. ಬೆಳಿಗ್ಗೆ ಒಂದು ಬಿಸಿ ಪಾನೀಯ ಮತ್ತು ಓಟ್ಸ್, ಸಂಜೆ ಒಂದು ಪಾತ್ರೆ ಅಡುಗೆ ಎಂದರೆ ಒಬ್ಬರಿಗೆ ದಿನಕ್ಕೆ 60ರಿಂದ 70 ಮಿಲಿಲೀಟರ್. ಅರ್ಧ ಲೀಟರಿನ ಬಾಟಲಿ ಒಂದು ವಾರ ಬರುತ್ತದೆ. ಸ್ಪಿರಿಟ್‌ನಲ್ಲಿ ಶಾಖ ಕಡಿಮೆ: ಎಥನಾಲ್ ಕಿಲೋಗೆ 27 ಮೆಗಾಜೂಲ್ ಕೊಟ್ಟರೆ ಸಿಲಿಂಡರಿನ ಗ್ಯಾಸ್ 46ರಷ್ಟು ಕೊಡುತ್ತದೆ. ಹಾಗೆಂದು ಗ್ಯಾಸೇ ಹಗುರ ಎನ್ನುವಂತಿಲ್ಲ. 230 ಗ್ರಾಂ ಗ್ಯಾಸ್ ತುಂಬಿದ ಡಬ್ಬಿಯ ಬರೀ ಉಕ್ಕೇ ಸುಮಾರು 150 ಗ್ರಾಂ ತೂಗುತ್ತದೆ, ಖಾಲಿಯಾದರೂ ಹೊತ್ತುಕೊಂಡೇ ಹೋಗಬೇಕು. ಐದಾರು ದಿನದ ಸುತ್ತಾಟಕ್ಕೆ ಸ್ಪಿರಿಟೇ ಮೇಲು ಅಥವಾ ಸರಿಸಮ. ಎರಡು ವಾರ ಎಲ್ಲೂ ತುಂಬಿಸಿಕೊಳ್ಳುವ ಅನುಕೂಲವಿಲ್ಲದಿದ್ದರೆ ಗ್ಯಾಸ್ ಗೆಲ್ಲುತ್ತದೆ.

ಯಾವ ಸ್ಪಿರಿಟ್ ಎಂಬ ಪ್ರಶ್ನೆಯಲ್ಲಿ ಅಸಡ್ಡೆ ಸಲ್ಲದು. ಎಥನಾಲ್ ಪ್ರಮಾಣ ಹೆಚ್ಚಿರುವ ಡಿನೇಚರ್ಡ್ ಸ್ಪಿರಿಟ್ (ಕುಡಿಯಲು ಬಾರದಂತೆ ಬೆರಕೆ ಮಾಡಿದ್ದು) ಒಳ್ಳೆಯದು. ಮೆಥನಾಲ್ ಶುದ್ಧವಾಗಿ ಉರಿದರೂ ವಿಷ. ಚರ್ಮದ ಮೂಲಕವೂ ಒಳಸೇರುತ್ತದೆ, ಹೊಟ್ಟೆಗೆ ಹೋದರೆ ಕಣ್ಣನ್ನೂ ಪ್ರಾಣವನ್ನೂ ತೆಗೆಯಬಲ್ಲದು. ಅದನ್ನು ದೂರವೇ ಇಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ಉರಿಯುತ್ತದೆ, ಆದರೆ ಪಾತ್ರೆಗೆ ಕಪ್ಪು ಮೆತ್ತುತ್ತದೆ. ಪೆಟ್ರೋಲನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಈ ಬರ್ನರಿಗೆ ಎಂದೂ ಹಾಕಬಾರದು. ಎಥನಾಲಿಗೂ ಮಸಿ ಹಿಡಿಯುತ್ತಿದ್ದರೆ ಲೀಟರಿಗೆ 100 ಮಿಲಿಲೀಟರ್ ನೀರು ಬೆರೆಸಿ. ತಯಾರಕರೂ ಇದನ್ನೇ ಹೇಳುತ್ತಾರೆ. ನೀರು ಅದಕ್ಕಿಂತ ಬಹಳ ಹೆಚ್ಚಾದರೆ ಸ್ಪಿರಿಟ್ ಮೊದಲು ಉರಿದು ತಳದಲ್ಲಿ ನೀರು ಉಳಿಯುತ್ತದೆ, ಒಲೆ ಚಿಟಪಟ ಸಿಡಿದು ಆರುತ್ತದೆ, ಮತ್ತೆ ಹೊತ್ತುವುದಿಲ್ಲ. ಹೀಗಾದಾಗ ಉಳಿಕೆಯನ್ನು ಚೆಲ್ಲಿ, ಬಟ್ಟಲನ್ನು ಒರೆಸಿ, ಹೊಸದನ್ನು ಹಾಕುವುದೇ ದಾರಿ. ಮುಚ್ಚಳ ತೆರೆದಿಟ್ಟ ಬಾಟಲಿಯ ಸ್ಪಿರಿಟ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ ಎಂಬುದು ನೆನಪಿರಲಿ.

ಹೊತ್ತಿಸುವಾಗ ಕ್ರಮ ತಪ್ಪಬಾರದು. ಬರ್ನರನ್ನು ಮಟ್ಟಸವಾದ ಕಲ್ಲು ಅಥವಾ ಬರಿನೆಲದ ಮೇಲಿಟ್ಟು, ಸುತ್ತ ಒಂದು ಮೀಟರ್ ಒಣಹುಲ್ಲು ಸರಿಸಿ. ಅಳೆದು ಸುರಿಯಿರಿ, ಸೂಜಿಯಿಲ್ಲದ 20 ಮಿಲಿಲೀಟರ್ ಸಿರಿಂಜ್ ಇದಕ್ಕೆ ಎಲ್ಲಕ್ಕಿಂತ ಸಲೀಸು. ಬಾಟಲಿಯನ್ನು ಮುಚ್ಚಿ ದೂರ ಇಡಿ, ಬೆರಳು ಒರೆಸಿಕೊಳ್ಳಿ, ಆಮೇಲೆ ಕಡ್ಡಿ ಗೀರಿ ಪಕ್ಕದಿಂದ ತಾಗಿಸಿ. ಬೆಳಕಿನಲ್ಲಿ ಈ ಜ್ವಾಲೆ ಕಾಣುವುದಿಲ್ಲ. ಹೊತ್ತಿದೆಯೋ ಆರಿದೆಯೋ ತಿಳಿಯಲು ಮೇಲೊಂದು ಒಣಹುಲ್ಲಿನ ಎಸಳು ಹಿಡಿದು ನೋಡಿ, ಬಗ್ಗಿ ಇಣುಕಬೇಡಿ.

ಈ ಒಲೆಯಿಂದ ಆಗುವ ದೊಡ್ಡ ಸುಟ್ಟಗಾಯಗಳಿಗೆ ಮುಖ್ಯ ಕಾರಣ ಇದು: ಉರಿಯುತ್ತಿರುವ ಅಥವಾ ಆಗಷ್ಟೇ ಆರಿದ ಬರ್ನರಿಗೆ ಬಾಟಲಿಯಿಂದ ಸುರಿಯುವುದು. ಕಾಣದ ಜ್ವಾಲೆ ಧಾರೆಯ ಮೂಲಕ ಬಾಟಲಿಗೇ ಏರುತ್ತದೆ, ಒಳಗಿನ ಆವಿ ಹೊತ್ತಿ ಬೆಂಕಿ ಎದುರಿಗಿದ್ದವರ ಮೇಲೆ ಉಗುಳುತ್ತದೆ. ಅಡುಗೆ ಮುಗಿಯುವ ಮೊದಲೇ ಸ್ಪಿರಿಟ್ ತೀರಿದರೆ ಬರಿಗೈಯಲ್ಲಿ ಬರ್ನರ್ ಎತ್ತುವಷ್ಟು ತಣಿಯುವವರೆಗೆ ಕಾಯಲೇಬೇಕು. ಹಸಿದು ಬಂದವರಿಗೆ ಈ ಕಾಯುವಿಕೆ ಕಷ್ಟ, ನಿಜ. ದಿನಾ ಹೆಚ್ಚು ಹೊತ್ತು ಬೇಯಿಸುವವರು ಎರಡನೆಯ ಬರ್ನರ್ ಇಟ್ಟುಕೊಳ್ಳಲಿ. ಇನ್ನೊಂದು 110 ಗ್ರಾಂ ಅಷ್ಟೇ, ಆತುರಪಡುವ ಪ್ರಮೇಯವೇ ಬರುವುದಿಲ್ಲ. ಒಲೆ ಮಗುಚಿದರೆ ಸ್ವಲ್ಪ ನೀರು ಚಿಮುಕಿಸಿದರೆ ಬೆಂಕಿ ಹರಡುತ್ತದೆ. ಧಾರಾಳವಾಗಿ ಸುರಿದರೆ ಸ್ಪಿರಿಟ್ ನೀರಿನಲ್ಲಿ ಬೆರೆತು ಆರುತ್ತದೆ. ಹಾಗಾಗಿ ಒಂದು ಲೀಟರ್ ನೀರು ಕೈಗೆಟಕುವಂತೆ ಇರಲಿ. ಟೆಂಟಿನ ಒಳಗೆ, ಮುಚ್ಚಿದ ಮುಂಭಾಗದಲ್ಲಿ ಕೂಡ, ಹೊತ್ತಿಸಬಾರದು. ಬಟ್ಟೆಗೆ ಹೊತ್ತಿಕೊಳ್ಳುವ ಭಯ ಒಂದಾದರೆ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅದಕ್ಕಿಂತ ಕೆಟ್ಟದ್ದು.

ಉರಿ ತಗ್ಗಿಸುವ ಬಳೆ ಟ್ರಾಂಜಿಯಾದ ದೊಡ್ಡ ಬಲ. ತಿರುಗುವ ತಗಡನ್ನು ಬೇಕಾದಷ್ಟು ತೆರೆದುಕೊಂಡು ಉರಿಯ ಮೇಲೆ ಇಳಿಸಿದರೆ ಜ್ವಾಲೆ ಒಂದೇ ಕಿಂಡಿಗೆ ಇಳಿಯುತ್ತದೆ, ಅನ್ನ ಸೀಯದೆ ಬೇಯುತ್ತದೆ. ತೊಂದರೆ ಏನೆಂದರೆ ಉರಿ ಬದಲಿಸಬೇಕಾದಾಗಲೆಲ್ಲ ಪಾತ್ರೆ ಇಳಿಸಿ, ಬಳೆಯನ್ನು ಇಕ್ಕಳದಿಂದ ಎತ್ತಿ, ತಗಡನ್ನು ಸರಿಸಿ, ಮತ್ತೆ ಇಡಬೇಕು. ಗ್ಯಾಸಿನ ತಿರುಪಿನ ಸುಖ ಇಲ್ಲಿಲ್ಲ. ತಗಡನ್ನು ಪೂರ್ತಿ ಮುಚ್ಚಿ ಇಳಿಸಿದರೆ ಒಲೆ ಆರುತ್ತದೆ. ಆರಿಸಲು ತಿರುಪಿನ ಮುಚ್ಚಳವನ್ನು ಬಳಸಬೇಡಿ, ಬಿಸಿ ಬರ್ನರಿಗೆ ಅದನ್ನು ಹಾಕಲೂಬೇಡಿ. ಒಳಗಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಬೆಂದು ಬಿರಿಯುತ್ತದೆ. ಈ ಒಲೆಯಲ್ಲಿ ಸವೆಯುವ ಭಾಗ ಅದೊಂದೇ, ಬಿಡಿಯಾಗಿ ಸಿಗುತ್ತದೆ. ಓ-ರಿಂಗ್ ಗಡುಸಾಗಿ ಬಿರಿದಿಲ್ಲವೇ ಎಂದು ಹೊರಡುವ ಮುನ್ನ ಚಿವುಟಿ ನೋಡಿ.

ಉಳಿದ ಸ್ಪಿರಿಟ್ ಮುಚ್ಚಳದೊಳಗೆ ಇರುತ್ತದೆ ಎಂದು ಕಂಪನಿಯೇನೋ ಹೇಳುತ್ತದೆ. ಕುಲುಕುವ ರಸ್ತೆಯಲ್ಲಿ ಸೈಕಲ್ಲಿನ ಅದುರಿಕೆಗೆ ತಿರುಪು ಸಡಿಲವಾಗಬಹುದು, ಆದ್ದರಿಂದ ತಣಿದ ಮೇಲೆ ಬಾಟಲಿಗೆ ಮರಳಿ ಸುರಿಯುವುದೇ ಲೇಸು. ಬಾಟಲಿ ದಪ್ಪ ಪಾಲಿಥೀನಿನದ್ದಾಗಿರಲಿ ಅಥವಾ ಕಂಪನಿಯದೇ ಸುರಕ್ಷಾ ಕವಾಟದ ಬಾಟಲಿಯಾಗಿರಲಿ. ಕುಡಿಯುವ ನೀರಿನ ಬಾಟಲಿಯನ್ನು ಹೋಲುವುದು ಖಂಡಿತ ಬೇಡ. ಬೆವರಿ ಬಾಯಾರಿದಾಗ ಕೈ ತಪ್ಪಿ ಎತ್ತುವುದು ಎರಡು ಕ್ಷಣದ ಕೆಲಸ. ಫ್ರೇಮಿನ ಕೆಳಗಿನ ಕೊಳವೆಯ ಅಡಿಯಲ್ಲಿರುವ ಬಾಟಲಿ ಹಿಡಿಕೆ ಇದಕ್ಕೆ ಸರಿಯಾದ ಜಾಗ, ಮೇಲೆ ದಪ್ಪಕ್ಷರದ ಚೀಟಿ ಅಂಟಿಸಿ. ಬಾಯಿಮಟ್ಟ ತುಂಬಬೇಡಿ: 30 ಡಿಗ್ರಿ ಬಿಸಿ ಏರಿದರೆ ಒಂದು ಲೀಟರ್ ಸ್ಪಿರಿಟ್ 30 ಮಿಲಿಲೀಟರಿಗೂ ಹೆಚ್ಚು ಹಿಗ್ಗುತ್ತದೆ. ಅಕಸ್ಮಾತ್ ಸೋರಿದರೂ ಆರಿ ಹೋಗುತ್ತದೆ, ಸೀಮೆಎಣ್ಣೆಯಂತೆ ಬಟ್ಟೆ, ಹಾಸಿಗೆಯೆಲ್ಲ ನಾರುವುದಿಲ್ಲ. ಪಂಕ್ಚರ್ ಹಾಕುವಾಗ ಟ್ಯೂಬಿನ ಜಿಡ್ಡು ತೆಗೆಯಲೂ ಇದೇ ಸ್ಪಿರಿಟ್ ಬರುತ್ತದೆ ಎಂಬುದು ಸೈಕಲ್ ಸವಾರರಿಗೆ ಸಿಗುವ ಹೆಚ್ಚುವರಿ ಲಾಭ. ವಿಮಾನದಲ್ಲಿ ಮಾತ್ರ ಸ್ಪಿರಿಟ್ ಒಯ್ಯುವಂತಿಲ್ಲ.

ಮನೆಯಲ್ಲೇ ಅಲ್ಯೂಮಿನಿಯಂ ಪಾನೀಯ ಡಬ್ಬಿ ಕತ್ತರಿಸಿ ಮಾಡುವ ಒಲೆಗೆ ಹೋಲಿಸಿದರೆ? ಅದು 10ರಿಂದ 15 ಗ್ರಾಂ, ಬೇಗ ಕಾಯುತ್ತದೆ, ಬರೀ ನೀರು ಕುದಿಸುವವರಿಗೆ ಸಾಕು. ಆದರೆ ಚೀಲದಲ್ಲಿ ಪಾತ್ರೆಯೊಳಗಿಡದಿದ್ದರೆ ಜಜ್ಜಿಹೋಗುತ್ತದೆ, ಸಾಮಾನ್ಯವಾಗಿ ಉರಿ ತಗ್ಗಿಸುವ ಬಳೆಯಿಲ್ಲ, ಉಳಿದ ಸ್ಪಿರಿಟ್ ಹಿಂದಕ್ಕೆ ಪಡೆಯುವುದು ಕಷ್ಟ. ಸೈಕಲ್ಲಿನ ಮೇಲೆ ಆ 100 ಗ್ರಾಂ ಉಳಿತಾಯಕ್ಕಾಗಿ ಹಿತ್ತಾಳೆಯನ್ನು ಬಿಡುವುದು ಸರಿಯೆನಿಸುವುದಿಲ್ಲ.

ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಸ್ಪಿರಿಟ್ ಸುಲಭಕ್ಕೆ ಆವಿಯಾಗದು, ಕಡ್ಡಿ ತಾಗಿಸಿದರೂ ಹಿಡಿಯದು. ಸ್ಪಿರಿಟ್ ಹಾಕುವ ಮೊದಲು ಬರ್ನರನ್ನು ಸ್ವಲ್ಪ ಹೊತ್ತು ಜಾಕೆಟ್ಟಿನೊಳಗೆ ಬೆಚ್ಚಗಿಟ್ಟುಕೊಂಡು, ನೆಲದ ತಣ್ಣನೆ ತಾಗದಂತೆ ಹಲಗೆಯ ತುಂಡಿನ ಮೇಲಿಟ್ಟು, ಸ್ಪಿರಿಟ್‌ನಲ್ಲಿ ಅದ್ದಿದ ಕಾಗದದ ಬತ್ತಿಯಿಂದ ಹೊತ್ತಿಸಿದರೆ ಹಿಡಿಯುತ್ತದೆ. ಹಿಮ ಕರಗಿಸಿ ನೀರು ಮಾಡುವ ಪ್ರಯಾಣಕ್ಕೆ, ನಾಲ್ಕಕ್ಕಿಂತ ಹೆಚ್ಚು ಜನರ ಅಡುಗೆಗೆ ಇದನ್ನು ನೆಚ್ಚಬೇಡಿ. ಬೇಸಿಗೆಯ ಬೆಂಕಿ ನಿಷೇಧವಿರುವ ಕಡೆಗಳಲ್ಲಿ, ಕೂಡಲೇ ಆರಿಸುವ ಕವಾಟವಿಲ್ಲ ಎಂಬ ಕಾರಣಕ್ಕೆ ಗ್ಯಾಸಿಗೆ ಅನುಮತಿಯಿದ್ದರೂ ಸ್ಪಿರಿಟ್ ಒಲೆಗೆ ಇರದಿರಬಹುದು. ಹೊರಡುವ ಮೊದಲೇ ವಿಚಾರಿಸಿ. ಒಬ್ಬರೋ ಇಬ್ಬರೋ ಕಡುಚಳಿಯ ಕಾಲ ಬಿಟ್ಟು ಉಳಿದ ಋತುಗಳಲ್ಲಿ ಸುತ್ತುವುದಾದರೆ 27ನೇ ಸೆಟ್, ಅರ್ಧ ಲೀಟರಿನ ಬಾಟಲಿ, ಸಿರಿಂಜ್, ಒಂದು ಹೆಚ್ಚುವರಿ ಓ-ರಿಂಗ್: ಇಷ್ಟನ್ನು ಕೊಳ್ಳಿ, ಮೊದಲ ಎರಡು ಸಲ ಮನೆಯಂಗಳದಲ್ಲೇ ಅಳೆದು ಕುದಿಸಿ ನೋಡಿ.