ಹಿರಿಯರ ಡೇ ಕೇರ್ ಸೆಂಟರ್: ಸೌಕರ್ಯಕ್ಕೆ ಫುಲ್ ಮಾರ್ಕ್ಸ್, ಅಡ್ಮಿಷನ್ ಫಾರಂಗೆ ಸೊನ್ನೆ

ಅಪ್ಪ ಹೋಗೋ ಸೆಂಟರ್ ಬಗ್ಗೆ ಬರೀತಿದೀನಿ, ಹೆಸರು ಹಾಕಲ್ಲ, ಹೆಚ್ಚುಕಮ್ಮಿ ಇಂಥ ಎಲ್ಲಾ ಕಡೆನೂ ಇದೇ ಕಥೆ ಇರತ್ತೆ. ಜಾಗ ಕ್ಲೀನ್, ವ್ಯಾನ್ ಟೈಮ್‌ಗೆ ಬರತ್ತೆ, ಬಾತ್‌ರೂಮಲ್ಲಿ ಹಿಡ್ಕೊಳ್ಳೋಕೆ ಕಂಬಿ ಇದೆ, ನರ್ಸ್ ತಾಳ್ಮೆ ಇರೋರು.

ಫಾರಂನಲ್ಲಿ ಬಿಪಿ, ಶುಗರ್, ಮಾತ್ರೆ ಎಲ್ಲಾ ಕೇಳ್ತಾರೆ. ಇವ್ರು ಇಷ್ಟು ವರ್ಷ ಯಾರ ಜೊತೆ ಒಡನಾಡಿದ್ರು, ಯೂನಿಯನ್‌ನಲ್ಲಿದ್ರಾ, ನಾಟಕ ಆಡ್ತಿದ್ರಾ, ಅದು ಯಾರಿಗೂ ಬೇಡ. ಆದ್ರೆ ಅಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ, ಮೊದ್ಲಿಂದ್ಲೂ ಸಂಘ, ಆಟ, ಹಾಡು ಅಂತ ನಾಕು ಕಡೆ ಓಡಾಡಿದವ್ರು ಬಂದ ವಾರದಲ್ಲೇ ಹೊಂದ್ಕೊಂಡಿರ್ತಾರೆ, ಆಫೀಸೇ ಸರ್ವಸ್ವ ಅಂತ ಇದ್ದವ್ರು ರಿಟೈರ್ ಆದ ದಿನವೇ ತಮ್ಮವ್ರನ್ನೆಲ್ಲಾ ಕಳ್ಕೊಂಡಿರ್ತಾರೆ, ಇಲ್ಲಿ ಬಂದು ಪೇಪರ್ ಅಡ್ಡ ಹಿಡ್ಕೊಂಡು ಕೂರ್ತಾರೆ. ನಮ್ಮಪ್ಪ ಎರಡನೇ ಪೈಕಿ.

2016ರಲ್ಲಿ ಬಿಎಂಜೆ ಓಪನ್ ಅನ್ನೋ ವೈದ್ಯಕೀಯ ಜರ್ನಲ್‌ನಲ್ಲಿ ಇಂಗ್ಲೆಂಡಿನ ರಿಟೈರ್ಡ್ ಜನರ ಬಗ್ಗೆ ಒಂದು ಸ್ಟಡಿ ಬಂದಿತ್ತು. ರಿಟೈರ್ ಆಗೋ ಮುಂಚೆ ಸಂಘ, ಕ್ಲಬ್ ಥರದ ಎರಡು ಗುಂಪಲ್ಲಿದ್ದವ್ರು ಎರಡನ್ನೂ ಉಳಿಸ್ಕೊಂಡ್ರೆ ಮುಂದಿನ 6 ವರ್ಷದಲ್ಲಿ ಸಾಯೋ ಸಾಧ್ಯತೆ ಶೇ. 2, ಒಂದು ಬಿಟ್ಟುಹೋದ್ರೆ ಶೇ. 5, ಎರಡೂ ಹೋದ್ರೆ ಶೇ. 12. ಗುಂಪು ಬಿಟ್ಟಿದ್ದಕ್ಕೇ ಸತ್ರು ಅಂತ ಹೇಳೋಕಾಗಲ್ಲ ಬಿಡಿ, ಆದ್ರೂ ಫಾರಂನಲ್ಲಿ ಒಂದು ಲೈನ್ ಸೇರ್ಸೋಕೆ ಇಷ್ಟು ಸಾಲ್ದಾ?

ಆಕ್ಟಿವಿಟಿ ಅಂತ ಬಣ್ಣ ತುಂಬ್ಸೋದು, ಚಪ್ಪಾಳೆ ತಟ್ಸೋದು. ಇವ್ರೇನ್ ಚಿಕ್ ಮಕ್ಳಾ? ಅಪ್ಪ ದಿನಾ ಬೆಳಗ್ಗೆ ಹೋಗಲ್ಲ ಅಂತ ಹಟ ಮಾಡ್ತಿದ್ರು. ಆಮೇಲೆ ಅಲ್ಲಿನ ಸೂಪರ್‌ವೈಸರ್ ಮೇಡಂ, ಇವ್ರ ಅಕ್ಷರ ನೋಡಿ ಲೈಬ್ರರಿ ರಿಜಿಸ್ಟರ್ ಬರೆಯೋ ಕೆಲ್ಸ ಕೊಟ್ರು ನೋಡಿ, ಅಷ್ಟೇ. ಈಗ ಪುಸ್ತಕ ವಾಪಸ್ ಕೊಡದೋರ ಮೇಲೆ ಮನೇಲಿ ಕೂತು ರೇಗ್ತಾರೆ, ರಜಾ ದಿನ ಚಡಪಡಿಸ್ತಾರೆ, 'ನಮ್ ಸೆಂಟರ್' ಅಂತಾರೆ. ಆ ಮೇಡಂಗೆ ಬೇಕಾದ್ರೆ ಐದಕ್ಕೆ ಆರು ಕೊಡ್ತೀನಿ.

ಹಾಲ್‌ನಲ್ಲಿ ಟಿವಿ ಸೌಂಡ್ ಮಾತ್ರ ಜಾಸ್ತಿ, ಕಿವಿ ಮಂದ ಇರೋರು ಎಲ್ಲರ ಮಧ್ಯೆ ಕೂತಿದ್ರೂ ಮಾತಿಂದ ಹೊರಗೇ ಉಳೀತಾರೆ. ಹೇಳಿ ಹೇಳಿ ಸಾಕಾಯ್ತು.

ಒಟ್ಟು 5ಕ್ಕೆ 3.5. ಸೇರ್ಸೋರು ನಿಮ್ ಅಪ್ಪ ಅಮ್ಮ ಏನೇನ್ ಮಾಡ್ತಿದ್ರು ಅಂತ ನೀವೇ ಸ್ಟಾಫ್‌ಗೆ ಹೇಳ್ಬಿಡಿ, ಅವ್ರಾಗಿ ಕೇಳಲ್ಲ. ಸಂಜೆ ವಾಕಿಂಗ್ ಗೆಳೆಯರು ಇನ್ನೂ ಇದ್ರೆ ಅದನ್ನ ತಪ್ಸಿ ಇಲ್ಲಿ ಕೂರಿಸ್ಬೇಡಿ, ಮಧ್ಯಾಹ್ನದವರೆಗಿನ ಪ್ಯಾಕೇಜೂ ಇದೆ, ಅದನ್ನೇ ತಗೊಳ್ಳಿ.